ಮೊರದಲ್ಲಿ ಸಿಕ್ಕಿದ ನಂಬರು

ಹುರುಳಿ ಕೇರಿದರೆ ಏನು ಸಿಗುತ್ತದೆ? ಕಲ್ಲು ಸಿಗುತ್ತದೆ, ಮಣ್ಣಿನ ಹೆಂಟೆ ಸಿಗುತ್ತದೆ, ಅದೃಷ್ಟ ನೆಟ್ಟಗಿದ್ದರೆ ಯಾವತ್ತೋ ಕಳೆದ ಮೂಗುಬೊಟ್ಟು ಸಿಗುತ್ತದೆ. ಕಳೆದ ಭಾನುವಾರ ನಮ್ಮ ದೊಡ್ಡವ್ವನ ಮೊರದಲ್ಲಿ ಕಾರಿನ ನಂಬರ್ ಸಿಕ್ಕಿತು.

ತಮಾಷೆಯಲ್ಲ. ಅಂಗೈ ಅಗಲದ ಪ್ಲಾಸ್ಟಿಕ್ ಚೂರು. ಬಿಳಿ ಬಣ್ಣದ ಮೇಲೆ ಕರಿ ಅಂಕಿ. ನಾಲ್ಕು ಅಂಕಿಯೂ ಪೂರ್ತಿ ಇವೆ, ಅವುಗಳ ಎಡಗಡೆ ಅರ್ಧ ಮುರಿದ ಒಂದು ಇಂಗ್ಲಿಷ್ ಅಕ್ಷರ. (ಅಂಕಿಗಳನ್ನು ಇಲ್ಲಿ ಹಾಕಕೂಡದು ಎಂದು ಸಂಪಾದಕರು ಕಟ್ಟಪ್ಪಣೆ ಮಾಡಿದ್ದಾರೆ.)

ದೊಡ್ಡವ್ವನಿಗೆ ಓದು ಬರದು. ಯಾವುದೋ ಡಬ್ಬದ ಮುಚ್ಚಳ ಅಂದುಕೊಂಡು ಪಕ್ಕಕ್ಕೆ ಎಸೆದಳು. ಅದನ್ನು ಎತ್ತಿಕೊಂಡು, ಸೆರಗಿನಲ್ಲಿ ಒರೆಸಿ, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದ್ದು ಅಲ್ಲೇ ಗೋಣಿಚೀಲದ ಮೇಲೆ ಕೂತಿದ್ದ ಸಾಕಮ್ಮತ್ತಿಗೆ. ದೊಡ್ಡವ್ವನ ಸೊಸೆ, ನಮ್ಮ ನಿಂಗರಾಜಣ್ಣನ ಹೆಂಡತಿ, ಏಳನೇ ಕ್ಲಾಸ್ ಪಾಸು. ಎಂಟು ತಿಂಗಳ ಹಿಂದೆ ಅವಳ ಸೊಂಟ ಮುರಿದು ಓಡಿಹೋದದ್ದು ಆ ನಂಬರಿನ ಕಾರೇ.

"ಸಿಕ್ಬುಟ್ಟ ಕಣತ್ತೆ! ಸಿಕ್ಬುಟ್ಟ!" ಅಂತ ಅತ್ತಿಗೆ ಕೂಗಿದ್ದು ಬೀದಿಗೆಲ್ಲ ಕೇಳಿಸಿತಂತೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮೂರು ಇರುವುದು ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಯ ಮೇಲೆ. ಹೊಗೆಸೊಪ್ಪು ಮುರಿದಾದ ಮೇಲೆ ಅದೇ ಹೊಲಕ್ಕೆ ಹುರುಳಿ ಚೆಲ್ಲುತ್ತೇವೆ. ಸಂಕ್ರಾಂತಿ ಹೊತ್ತಿಗೆ ಕಿತ್ತು ತರುತ್ತೇವೆ. ತಂದು ಎಲ್ಲಿ ಹರಡುತ್ತೇವೆ? ಕಣದಲ್ಲಂತೂ ಅಲ್ಲ. ನೆಲಕ್ಕೆ ಸಗಣಿ ಬಳಿದು, ಎತ್ತು ಕಟ್ಟಿ, ಕಲ್ಲುಗುಂಡು ಉರುಳಿಸುವ ಪುರುಸೊತ್ತು ಈಗ ಯಾರಿಗಿದೆ? ಮನೆ ಮುಂದೆ ಡಾಂಬರು ರಸ್ತೆ ಇದೆ. ಬಸ್ಸಿದೆ, ಲಾರಿಯಿದೆ. ಹರಡಿದರೆ ಸಾಕು, ಒಕ್ಕಣೆ ಪುಕ್ಕಟೆ. ಎರಡು ತುದಿಗೆ ಎರಡು ದಪ್ಪ ಕಲ್ಲು, ನಡುವೆ ಬಳ್ಳಿ ಮೊಗಚಿ ಹಾಕಲು ಒಬ್ಬ ಹೆಂಗಸು. ನೀವು ಆ ದಾರಿಯಲ್ಲಿ ಗಾಡಿ ಓಡಿಸಿದ್ದರೆ ನಮ್ಮನ್ನು ಬೈದೇ ಇರುತ್ತೀರಿ. ಬೈದದ್ದು ಸರಿಯೇ.

ಆ ದಿನ ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಅತ್ತಿಗೆ ಬಗ್ಗಿ ಮೊಗಚುತ್ತಿದ್ದಳು. ಹುಣಸೂರಿನ ಕಡೆಯಿಂದ ಬಿಳಿ ಕಾರು ಬಂತು. ಕಾಕನಕೋಟೆಗೆ ಆನೆ ನೋಡಲು ಹೊರಟವರೇ ಇರಬೇಕು, ಅಂಥ ಅವಸರ. ಒಣಗಿದ ಹುರುಳಿಬಳ್ಳಿಯ ಮೇಲೆ ಬ್ರೇಕ್ ನಿಲ್ಲುವುದಿಲ್ಲ. ಕಾರು ಜಾರಿಕೊಂಡು ಬಂದು ಅವಳನ್ನು ಕೆಡವಿ, ತುದಿಯ ಕಲ್ಲಿಗೆ ಮೂತಿ ಗುದ್ದಿಕೊಂಡು ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ. ಆಮೇಲೆ, ಯಾರೂ ನಂಬರ್ ನೋಡುವ ಮೊದಲೇ, ಹೊರಟುಹೋದ. ನೋಡದೆ ಹೋಗಿದ್ದರೆ ನಾನು ಅವನನ್ನು ಅರ್ಧವಾದರೂ ಕ್ಷಮಿಸುತ್ತಿದ್ದೆನೇನೋ.

ಅತ್ತಿಗೆಯನ್ನು ಹಾಲಿನ ಟೆಂಪೋದಲ್ಲಿ ಹುಣಸೂರಿಗೆ ಸಾಗಿಸಿದರು, ಅಲ್ಲಿಂದ ಮೈಸೂರಿಗೆ. ಇತ್ತ ಊರವರು ಏನು ಮಾಡಿದರು ಗೊತ್ತೆ? ಪೊರಕೆ ಹಿಡಿದರು.

ಕಾರಣವಿತ್ತು. ಹಿಂದಿನ ವಾರವಷ್ಟೇ ಯಾರದೋ ಬಳ್ಳಿಯ ಮೇಲೆ ಸ್ಕೂಟರ್ ಜಾರಿ ಒಬ್ಬ ಮೇಷ್ಟರು ಕೈ ಮುರಿದುಕೊಂಡಿದ್ದರು. ಪೊಲೀಸರು ಬಂದು, ಇನ್ನೊಂದು ಸಲ ರಸ್ತೆ ಮೇಲೆ ಒಕ್ಕಣೆ ಕಂಡರೆ ಯಜಮಾನನನ್ನೇ ಒಳಗೆ ಹಾಕುತ್ತೇವೆ ಎಂದು ಗದರಿ ಹೋಗಿದ್ದರು. ಹಾಗಾಗಿ ಜೀಪು ಬರುವ ಮೊದಲೇ ಎಲ್ಲವನ್ನೂ ಗುಡಿಸಿದರು. ಕಾಳು, ಬಳ್ಳಿ, ಒಡೆದ ಗಾಜು, ಏನೆಂದು ನೋಡದೆ ಟಾರ್ಪಾಲಿಗೆ ತುಂಬಿ ನಮ್ಮ ದೊಡ್ಡವ್ವನ ಕೊಟ್ಟಿಗೆ ಮೂಲೆಗೆ ಹಾಕಿದರು. ಕಲ್ಲುಗಳನ್ನು ಹಳ್ಳಕ್ಕೆ ಉರುಳಿಸಿದರು. ನಾಲ್ಕು ಕೊಡ ನೀರು ಹುಯ್ದು ರಕ್ತ ತೊಳೆದರು. ನಾನು ಹೋಗಿ ನೋಡಿದಾಗ ನಮ್ಮೂರಿನ ರಸ್ತೆ ಅಷ್ಟು ಚೊಕ್ಕಟವಾಗಿ ಹಿಂದೆಂದೂ ಇರಲಿಲ್ಲ.

ಪಟ್ಟಣದಲ್ಲಿರುವ ನನ್ನನ್ನು ಕರೆಸಿದ್ದು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ. ಅತ್ತಿಗೆಯನ್ನು ನೋಡಲಿಕ್ಕಲ್ಲ, ಕಂಪ್ಲೇಂಟ್ ಬರೆಯಲಿಕ್ಕೆ. ಪಕ್ಕದ ಮನೆಯ ಜವರಪ್ಪ, ಊರಿಗೆ ಹಿರಿಯ, ಜಗಲಿಯ ಮೇಲೆ ಕೂರಿಸಿಕೊಂಡು ಹೇಳಿದ.

"ಒಕ್ಕಣೆ ಗಿಕ್ಕಣೆ ಅಂತ ಬರೀಬ್ಯಾಡ ಕಣಪ್ಪ. ತಪ್ಪು ನಮ್ದೇ ಅಂತ ಆಯ್ತದೆ, ನಿಂಗರಾಜನ್ನೇ ಒಳಕ್ಕಾಕ್ತಾರೆ. ಉಣಸೆಮರದ ಮೋರಿ ತಾವ ನಡ್ಕಂಡ್ ಬತ್ತಿದ್ಲು ಅಂತ ಬರ್ದ್ಬುಡು. ಪೇಪರ್‌ಗೆ ಬರಿಯೋನು ನೀನು, ನಿಂಗೆ ನಾನ್ ಏಳ್ಕೊಡಬೇಕಾ?"

ಹೇಳಿಕೊಡಬೇಕಾಗಿರಲಿಲ್ಲ. ಕೂತು ನಿಂಗರಾಜಣ್ಣನ ಹೆಸರಿನಲ್ಲಿ ಒಂದೂವರೆ ಪುಟ ಬರೆದೆ. ಹುಣಸೆಮರದ ಮೋರಿಯ ಬಳಿ, ರಸ್ತೆಯ ಎಡಬದಿಯ ಮಣ್ಣಿನ ಅಂಚಿನಲ್ಲಿ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಮನೆಗೆ ಮರಳುತ್ತಿದ್ದ ನನ್ನ ಪತ್ನಿಗೆ, ಅಂತ. (ಹುಲ್ಲಿನ ಹೊರೆ ನನ್ನ ಸ್ವಂತದ್ದು. ಜವರಪ್ಪ ಕೂಡ ಹೇಳಿರಲಿಲ್ಲ.) ಅಣ್ಣ ಓದದೆಯೇ ಕೆಳಗೆ ಸೈನ್ ಮಾಡಿದ. ಸ್ಟೇಷನ್ನಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಅದನ್ನು ಓದಿ, "ಕಂಪ್ಲೇಂಟ್ ಅಂದ್ರೆ ಹೀಗಿರ್ಬೇಕು ಸಾರ್" ಎಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಪೊಲೀಸರು ಮೋರಿಯ ಬಳಿ ನಿಂತು ಮಹಜರು ಬರೆದುಕೊಂಡರು. ಜವರಪ್ಪ ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದ.

ಆಮೇಲಿನದು ಎಲ್ಲ ಮನೆಯ ಕಥೆಯೇ. ಸೊಂಟಕ್ಕೆ ರಾಡ್ ಹಾಕಿದರು, ಮೂಳೆ ಕೂಡಲಿಲ್ಲ. ಇನ್ನೊಂದು ಆಪರೇಷನ್ ಆದರೆ ಕೋಲು ಹಿಡಿದು ನಡೆಯಬಹುದು, ತಡ ಮಾಡಿದರೆ ಅದೂ ಇಲ್ಲ ಎಂದರು ಡಾಕ್ಟರು. ಮೊದಲನೆಯದಕ್ಕೇ ಎತ್ತಿನ ಜೋಡಿ ಹೋಗಿತ್ತು. ಅತ್ತಿಗೆ ಈಗ ಗೋಣಿಚೀಲದ ಮೇಲೆ ಕೂತು, ಎರಡೂ ಕೈ ಊರಿ ತನ್ನನ್ನು ತಾನೇ ಎಳೆದುಕೊಂಡು ಹೋಗುತ್ತಾಳೆ. ಅಡುಗೆಮನೆಯಿಂದ ಹಿತ್ತಲವರೆಗೆ ನೆಲ ಒಂದು ಪಟ್ಟಿಯಷ್ಟು ಹೊಳೆಯುತ್ತಿದೆ. 

ಗುದ್ದಿ ಓಡಿದ ಗಾಡಿ ಪತ್ತೆಯಾಗದಿದ್ದರೆ ಸರ್ಕಾರದ ಒಂದು ಸ್ಕೀಮ್ ಇದೆ. ಕೈಕಾಲು ಮುರಿದವರಿಗೆ ಹನ್ನೆರಡೂವರೆ ಸಾವಿರ. ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದ್ದೆವು, ಆಪರೇಷನ್ನಿಗೆ ಅದೊಂದೇ ದಾರಿ ಎಂದು ಕಾದಿದ್ದೆವು. ಗಾಡಿ ಪತ್ತೆಯಾದರಂತೂ ಕೋರ್ಟಿನಲ್ಲಿ ಇನ್ಷೂರೆನ್ಸಿನವರು ಅದರ ಹತ್ತಾರು ಪಟ್ಟು ಕೊಡಬೇಕಾಗುತ್ತದೆ. ಈಗ ಅರ್ಥವಾಯಿತಲ್ಲ, ಅತ್ತಿಗೆ ಯಾಕೆ ಕೂಗಿದಳೆಂದು? ಎಂಟು ತಿಂಗಳು ಆ ಟಾರ್ಪಾಲನ್ನು ಯಾರೂ ಮುಟ್ಟಿರಲಿಲ್ಲ. ರಕ್ತ ಬಿದ್ದ ಕಾಳನ್ನು ತಿನ್ನುವವರಾರು? ಮತ್ತೆ ಬಿತ್ತನೆ ಬಂತು, ಬೀಜಕ್ಕೆ ಬೇರೆ ಕಾಳಿರಲಿಲ್ಲ, ಬಿಚ್ಚಿದರು. ಚೂರು ಸಿಕ್ಕಿತು.

ಸೋಮವಾರ ನಾನು, ಅಣ್ಣ ಚೂರನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಸ್ಟೇಷನ್ನಿಗೆ ಹೋದೆವು. ಅದೇ ಸಬ್ ಇನ್ಸ್‌ಪೆಕ್ಟರ್.

"ಎಲ್ಲಿ ಸಿಕ್ತು ಇದು?"

"ಹುರುಳಿಯಲ್ಲಿ ಸಾರ್."

"ಹುರುಳಿ ಎಲ್ಲಿತ್ತು?"

"ಕೊಟ್ಟಿಗೆಯಲ್ಲಿ," ಎಂದೆ. ಅವರು ಫೈಲ್ ತರಿಸಿದರು. ನನ್ನ ಒಂದೂವರೆ ಪುಟವನ್ನು ನನಗೇ ಓದಿ ಹೇಳಿದರು. ಅಣ್ಣ ತಾನು ಸೈನ್ ಮಾಡಿದ್ದು ಏನೆಂದು ಮೊದಲ ಸಲ ಕೇಳಿಸಿಕೊಂಡ.

"ಮೋರಿ ಹತ್ರ ಹುಲ್ಲು ಹೊತ್ತಿದ್ದೋರಿಗೆ ಗುದ್ದಿದ ಕಾರಿನ ಪ್ಲೇಟು ನಿಮ್ಮ ಕೊಟ್ಟಿಗೆಗೆ ನಡ್ಕೊಂಡು ಬಂತಾ ಸಾರ್? ಇನ್ಷೂರೆನ್ಸ್ ಲಾಯರು ಮೊದಲು ಕೇಳೋದೇ ಇದು. ದಾರೀಲಿ ಬಿದ್ದಿದ್ದ ಚೂರು ತಂದು ಯಾರಿಗೋ ಅಂಟಿಸ್ತಿದ್ದೀರಿ ಅಂತಾನೆ. ಇಲ್ಲ, ಕಂಪ್ಲೇಂಟೇ ಸುಳ್ಳು ಅಂತೀರಾ? ಹೇಳಿ. ಸುಳ್ಳು ಕಂಪ್ಲೇಂಟ್ ಕೊಟ್ಟೋರ ಮೇಲೆ ಕೇಸ್ ಹಾಕ್ಬೇಕಾಗುತ್ತೆ. ಸೈನ್ ಯಾರದು?"

ಅಣ್ಣ ತನ್ನ ಕೈ ನೋಡಿಕೊಂಡ.

ಅಲ್ಲಿಂದ ತಾಲ್ಲೂಕು ಕಚೇರಿ. ಹೋಗಲಿ, ಹನ್ನೆರಡೂವರೆ ಸಾವಿರವಾದರೂ ಬರಲಿ. ಗುಮಾಸ್ತರು ಒಳ್ಳೆಯವರೇ, ಕೂರಿಸಿ ಮಾತಾಡಿದರು. "ಗಾಡಿ ಪತ್ತೆಯಾಗಿಲ್ಲ ಅಂತ ಸ್ಟೇಷನ್ನಿಂದ ಒಂದು ಲೆಟರ್ ಬೇಕಲ್ಲ ಸಾರ್. ನಂಬರ್ ಸಿಕ್ಕಿದೆ ಅಂತ ನೀವೇ ಈಗ ಅಲ್ಲಿಗೆ ಹೋಗಿ ಬಂದ್ರಂತೆ?" ಸುದ್ದಿ ನಮಗಿಂತ ಮೊದಲು ಬಂದಿತ್ತು. ಅತ್ತ ದರಿ, ಇತ್ತ ಪುಲಿ. ನಂಬರ್ ಇರುವುದರಿಂದ ಸ್ಕೀಮಿಗೆ ಬರುವುದಿಲ್ಲ, ಕಂಪ್ಲೇಂಟ್ ಇರುವುದರಿಂದ ನಂಬರ್ ಕೆಲಸಕ್ಕೆ ಬರುವುದಿಲ್ಲ.

ಸಂಜೆ ಅತ್ತಿಗೆಗೆ ಎಲ್ಲ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ.

"ನಾನು ಉಳ್ಳಿ ಮೊಗಚ್ತಿದ್ದೆ ಅಂತ ಏಳಕ್ಕೆ ನಂಗೇನಪ್ಪ ನಾಚ್ಕೆ? ಆಸ್ಪತ್ರೇಲಿ ಕಣ್ ಬುಟ್ಕಂಡೇ ಮಲ್ಗಿದ್ದೆ. ಏನಾಯ್ತವ್ವ ಅಂತ ಒಬ್ರಾದ್ರೂ ಬಂದು ಕೇಳುದ್ರಾ? ನೀನು ಬರ್ದಿದ್ದೀಯ ಅಂದ್ರು. ಬರಿಯೋನು ಬರ್ದ್ ಮ್ಯಾಲೆ ಸರಿಯಾಗೇ ಇರ್ತದೆ ಅಂತ ಸುಮ್ಕಾದೆ."

 ಅವಳೇ ಮತ್ತೆ ಕೇಳಿದಳು.

"ಅಲ್ಲ ಕಣಪ್ಪ, ಆ ಉಲ್ಲಿನ ಒರೆ ಯಾಕೆ ಒರಿಸ್ದೆ ನನ್ ತಲೆ ಮ್ಯಾಲೆ?"

ಓದುಗರೇ, ನಿಮ್ಮಲ್ಲಿ ಯಾರಿಗಾದರೂ ಉತ್ತರ ಗೊತ್ತಿದ್ದರೆ ಬರೆಯಿರಿ. ನನಗೆ ಗೊತ್ತಿಲ್ಲ. ಚೆನ್ನಾಗಿ ಕಾಣಲಿ ಅಂತ ಬರೆದಿರಬೇಕು. ಸಭ್ಯಸ್ಥ ಹೆಣ್ಣುಮಗಳು, ರಸ್ತೆಯ ಅಂಚು, ತಲೆಯ ಮೇಲೆ ಹೊರೆ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರೆ ಅಣ್ಣನಿಗೆ ಏನಾಗುತ್ತಿತ್ತು? ಒಂದು ದಂಡ, ನಾಲ್ಕು ಬೈಗುಳ. ಕೋರ್ಟು ನಮ್ಮ ತಪ್ಪಿಗೆ ಒಂದಿಷ್ಟು ಕಳೆದು ಉಳಿದದ್ದನ್ನು ಕೊಡುತ್ತಿತ್ತು ಎಂದು ಮೈಸೂರಿನ ವಕೀಲ ಗೆಳೆಯ ಹೇಳಿದ. ಆಪರೇಷನ್ ಆಗಿ ಅವಳು ಈಗ ಕೋಲು ಹಿಡಿದಾದರೂ ನಡೆಯುತ್ತಿದ್ದಳು.

ಬುಧವಾರ ಒಬ್ಬನೇ ಮತ್ತೆ ಸ್ಟೇಷನ್ನಿಗೆ ಹೋದೆ. ಕಂಪ್ಲೇಂಟ್ ಕಟ್ಟಿದವನು ನಾನು, ಅಪಘಾತ ಆದದ್ದು ನಮ್ಮ ಮನೆ ಮುಂದೆ, ಕೇಸ್ ಹಾಕುವುದಾದರೆ ನನ್ನ ಮೇಲೆ ಹಾಕಿ ಎಂದು ಬರೆದುಕೊಟ್ಟೆ. ಸಬ್ ಇನ್ಸ್‌ಪೆಕ್ಟರ್ ಮುಟ್ಟಲಿಲ್ಲ. "ನೀವು ಬರೆಯೋರು ಸಾರ್. ತಿಂಗಳಿಗೊಂದು ಥರ ಬರೆದ್ರೆ ನಾವು ಯಾವುದನ್ನ ನಂಬೋದು?" ಅಂದರು. ಅದನ್ನೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮೇಲಿನವರಿಗೆ ಕಳಿಸಿದ್ದೇನೆ. ಈ ಅಂಕಣ ಅಚ್ಚಾದ ಮೇಲೆ ಇದನ್ನೂ ಕತ್ತರಿಸಿ ಕಳಿಸುತ್ತೇನೆ.

ನಂಬುತ್ತಾರೆಯೇ? ಹದಿನಾರು ವರ್ಷದಿಂದ ರಸ್ತೆಯ ಗುಂಡಿ, ಬಾರದ ಬಸ್ಸು, ಔಷಧವಿಲ್ಲದ ಆಸ್ಪತ್ರೆ ಅಂತ ವಾರ ವಾರ ಕಂಡದ್ದನ್ನೇ ಬರೆದಿದ್ದೇನೆ. ನಾನು ಬರೆದದ್ದರಲ್ಲಿ ಸರ್ಕಾರ ಒಂದಕ್ಷರವೂ ಬಿಡದೆ ನಂಬಿ ಜೋಪಾನವಾಗಿ ಇಟ್ಟುಕೊಂಡಿರುವುದು ಆ ಹುಲ್ಲಿನ ಹೊರೆಯೊಂದನ್ನೇ.