ತೋಳಿಗೆ ಕಟ್ಟಿದ ಪ್ರೆಶರ್

ಅಪ್ಪನ ಕಣ್ಣು ಹೋದಾಗ ಬೆಟ್ಟದ ಜನರೆಲ್ಲ ವಯಸ್ಸಾಯಿತು ಎಂದು ಸುಮ್ಮನಾದರು. ನಾವೂ ಸುಮ್ಮನಾದೆವು. ಅದು ಗ್ಲಾಕೋಮಾ, ಕಣ್ಣಿನೊಳಗಿನ ಒತ್ತಡ ನೋವೇ ಇಲ್ಲದೆ ನರವನ್ನು ತಿಂದುಹಾಕುತ್ತದೆ, ಅಪ್ಪನಿಗಿದ್ದರೆ ಮಕ್ಕಳೂ ತೋರಿಸಿಕೊಳ್ಳಬೇಕು ಎಂಬುದೆಲ್ಲ ನನಗೆ ತಿಳಿದದ್ದು ಪರದೇಶದ ಡ್ರೋಹೆಡಾ ಊರಿನಲ್ಲಿ ಕಣ್ಣಿನ ಕ್ಲಿನಿಕ್ಕಿನ ನರ್ಸ್ ಆದಮೇಲೆ. ಅಕ್ಕನಿಗೆ ಹೇಳುತ್ತಲೇ ಇದ್ದೆ. ಅವಳು ಮಾದೇಶ್ವರ ಬೆಟ್ಟದ ಆಚೆ ನಮ್ಮೂರಲ್ಲೇ ಅಂಗನವಾಡಿ ಟೀಚರ್. ಕಣ್ಣಿನ ಡಾಕ್ಟರನ್ನು ನೋಡಬೇಕೆಂದರೆ ಒಂದು ಜೀಪು, ಎರಡು ಬಸ್ಸು. "ಬರೋ ತಿಂಗ್ಳು" ಎನ್ನುತ್ತಿದ್ದಳು.

ಅಷ್ಟರಲ್ಲಿ ಕೊರೋನಾ ಬಂದು ಬಸ್ಸೇ ನಿಂತಿತು. ಇಲ್ಲಿ ನನ್ನನ್ನು ಕೋವಿಡ್ ವಾರ್ಡಿನ ಡ್ಯೂಟಿಗೆ ಹಾಕಿದರು. ಊರವರಿಗೆಲ್ಲ ತಿಳಿಸುವ ಉಪಾಯ ಅಕ್ಕನದೇ. "ನೀನು ಫೋನಲ್ಲಿ ಮಾತಾಡಿ ಕಳ್ಸು ಕಣೇ. ರೇಷನ್ ಕೊಡಕ್ಕೆ ಮನೆಮನೆಗೂ ಹೋಗ್ತೀನಲ್ಲ, ಎಲ್ಲರ್ಗೂ ಕೇಳಿಸ್ತೀನಿ."

ಊಟದ ಬಿಡುವಿನಲ್ಲಿ ಕಾರೊಳಗೆ ಕೂತು, ಮಾಸ್ಕ್ ಕೆಳಗಿಳಿಸಿ ಮಾತಾಡಿದೆ. "ಮನೇಲಿ ಯಾರಿಗಾದ್ರೂ ಕಣ್ಣು ಹೋಗಿದ್ರೆ ಉಳಿದೋರು ಪ್ರೆಶರ್ ಚೆಕ್ ಮಾಡಿಸ್ಕೊಳಿ. ತಿಂಗಳುಗಟ್ಟಲೆ ಬಿಡಬೇಡಿ." ಕ್ಲಿನಿಕ್ಕಿನಲ್ಲಿ ನಾವು ದಿನವಿಡೀ ಪ್ರೆಶರ್, ಪ್ರೆಶರ್ ಎನ್ನುತ್ತಿದ್ದದ್ದು ಕಣ್ಣಿನೊಳಗಿನ ಒತ್ತಡಕ್ಕೆ. ಎಷ್ಟು ಚೆನ್ನಾಗಿ ಹೇಳಿದೆ ಎಂದು ನನ್ನ ದನಿಯನ್ನು ನಾನೇ ಎರಡು ಸಲ ಕೇಳಿ ಬೀಗಿದೆ.

ತಿಂಗಳು ಕಳೆದು ಅಕ್ಕ ಫೋನ್ ಮಾಡಿದಳು. "ಎಲ್ಲರ್ದೂ ಚೆಕ್ ಆಯ್ತು. ನಂದು ಗ್ರ್ಯಾಂಡ್!" ಇಲ್ಲಿಯವರಂತೆ ನಾನೂ ಚೆನ್ನಾಗಿದೆ ಎನ್ನಲು ಮಾತಿಗೊಮ್ಮೆ ಗ್ರ್ಯಾಂಡ್ ಎನ್ನುತ್ತೇನೆಂದು ಅವಳ ಕೀಟಲೆ. ನಾನೂ ನಕ್ಕೆ. ಯಾರೋ ಕಣ್ಣಿನ ಡಾಕ್ಟರು ಊರಿಗೆ ಬಂದಿರಬೇಕು ಎಂದುಕೊಂಡೆ. ಲಾಕ್‌ಡೌನಿನಲ್ಲಿ ಯಾವ ಡಾಕ್ಟರು ಬೆಟ್ಟ ಹತ್ತುತ್ತಾನೆ? ಕೇಳಬೇಕಿತ್ತು. ಡ್ಯೂಟಿ ಮುಗಿಸಿ ಬಂದು ಸುಸ್ತಾಗಿದ್ದೆ, ಕೇಳಲಿಲ್ಲ.

ಮರುವರ್ಷ ಅಕ್ಕ ಅಂಗನವಾಡಿಯಲ್ಲಿ ಬಿಸಿ ಸಾರನ್ನು ಮಗುವಿನ ತಟ್ಟೆಗೆ ಬಡಿಸಲು ಹೋಗಿ ಪಕ್ಕಕ್ಕೆ ಸುರಿದಳಂತೆ. ಆಗ ಹೆದರಿ ಮೈಸೂರಿಗೆ ಹೋದಳು. ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿಗೆ ಎದುರಿನದಷ್ಟೇ ಕಾಣುತ್ತಿತ್ತು, ಅಕ್ಕಪಕ್ಕದ್ದೇನೂ ಇಲ್ಲ. ಹೋದದ್ದು ಬರುವುದಿಲ್ಲ ಎಂದರಂತೆ ಡಾಕ್ಟರು. ಅದನ್ನು ಬೇರೆಯವರಿಗೆ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ವಿಡಿಯೋ ಕಾಲಿನಲ್ಲಿ ಅವಳ ಮೇಲೇ ಕೂಗಾಡಿದೆ.

"ಚೆಕ್ ಮಾಡಿಸ್ಕೋ ಅಂತ ಬಡ್ಕೊಂಡ್ನಲ್ಲ ಅಕ್ಕ!"

"ಮಾಡ್ಕೊಂಡೆ ಕಣೇ. ಬಸ್ಸಿಲ್ಲ ಅಂತ ಡಾಕ್ಟರ ಬದ್ಲು ಮನೇಲೇ ಪ್ರೆಶರ್ ನೋಡ್ಕೊಳಕ್ಕೆ ಹೇಳ್ದೆ ಅಂದ್ಕೊಂಡೆ. ನೀನು ಕಳ್ಸಿದ್ ಮಿಷನ್ ಐತಲ್ಲ, ತೋಳಿಗೆ ಕಟ್ಟೋದು? ವಾರವಾರ ಕಟ್ಕೊಂಡು ನೋಡ್ದೆ. ಒಂದ್ ದಿನಾನೂ ಜಾಸ್ತಿ ಬರ್ಲಿಲ್ಲ. ಊರೋರ್ಗೆಲ್ಲ ನಾನೇ ಕಟ್ಟಿ ನೋಡ್ದೆ."

ನಮ್ಮೂರಲ್ಲಿ ಪ್ರೆಶರ್ ಅಂದರೆ ಬಿಪಿ. ಅವ್ವನ ಮಾತ್ರೆಗೂ ನಾವು ಪ್ರೆಶರ್ ಮಾತ್ರೆ ಎಂದೇ ಅನ್ನುತ್ತಿದ್ದೆವು. ನಾನೇನು ಅಲ್ಲಿ ಹುಟ್ಟಿದವಳಲ್ಲವೇ? ನನ್ನವರ ಭಾಷೆಯನ್ನೇ ಮರೆತು ನನ್ನವರಿಗೆ ಬುದ್ಧಿ ಹೇಳಲು ಹೊರಟೆ. ಆ ಮಿಷನ್ನನ್ನೂ ಅವ್ವನಿಗೆಂದು ನಾನೇ ಪ್ರೀತಿಯಿಂದ ಕಳಿಸಿದ್ದೆ. ಅವಳು ಬೈದಿದ್ದರೆ ಒಳ್ಳೆಯದಿತ್ತು.

ನಾನು ಅಳುವುದು ನಿಲ್ಲುವವರೆಗೆ ಕಾದು ಅಕ್ಕ ಹೇಳಿದಳು: "ಇನ್ನೊಂದ್ ಸಲ ಮಾತಾಡಿ ಕಳ್ಸು. ಈ ಸಲ ಪ್ರೆಶರ್ ಅನ್ಬೇಡ, ಕಣ್ಣು ಅನ್ನು. ಯಾರಾದ್ರೂ ಕೈ ಹಿಡ್ಕೊಂಡ್ರೆ ನಾನೇ ಮನೆಮನೆಗೂ ಹೋಗಿ ಕೇಳಿಸ್ತೀನಿ."