ಕೆಂಪು ಅರಿವೆಯ ಮೊದಲ ಮುದ್ರಣ

ಧಾರವಾಡದಿಂದ ಬೆಳಗಿನ ಗಾಡಿ ಹಿಡಿದು, ಹುಬ್ಬಳ್ಳಿಯಲ್ಲಿ ಬದಲಾಯಿಸಿ, ಗದಗಿನಲ್ಲಿ ಇಳಿದಾಗ ಹನ್ನೊಂದು ಗಂಟೆ ದಾಟಿತ್ತು. ವೈಶಾಖದ ಬಿಸಿಲು ತಲೆಯ ಮೇಲೆಯೇ ಕುಳಿತಿತ್ತು. ಮೂರನೆಯ ದರ್ಜೆಯ ಡಬ್ಬಿಯಲ್ಲಿ ದಾರಿಯುದ್ದಕ್ಕೂ ಒಂದೇ ಮಾತು. ಈ ವರ್ಷ ಮುಗಿಯುವುದರೊಳಗೆ ಕನ್ನಡ ನಾಡು ಒಂದಾಗುತ್ತದೆ, ಆಮೇಲೆ ಎಲ್ಲವೂ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರೆ ಇನ್ನೊಬ್ಬರು ಅದನ್ನೇ ಇನ್ನಷ್ಟು ಜೋರಾಗಿ ಹೇಳುತ್ತಿದ್ದರು. ನಾನು ಸುಮ್ಮನೆ ಕುಳಿತಿದ್ದೆ. ನನ್ನ ಕೈಚೀಲದಲ್ಲಿ ಎರಡು ಅಂಗಿ, ಒಂದು ಧೋತರ, ನಾನೇ ಬರೆದ ಅರವತ್ತು ಪುಟದ ಒಂದು ಕೈಪಿಡಿ ಮತ್ತು ಶಿರಹಟ್ಟಿಯಿಂದ ಬಂದ ಒಂದು ಕಾಗದ ಇದ್ದವು. ಆ ಕಾಗದ ನನ್ನ ಮನಸ್ಸು ಕೆಡಿಸಿತ್ತು.

ಮೊದಲು ಕೈಪಿಡಿಯ ಮಾತು. ಈ ಸೀಮೆಯಲ್ಲಿ ಮಾಸ್ತರರು ಎಂದರೆ ಒಬ್ಬರೇ. ಬೆಳ್ಳಟ್ಟಿಯ ಶಾಲೆಯಲ್ಲಿ ಕಲಿಸುತ್ತ ಹನ್ನೊಂದು ಪುಸ್ತಕ ಬರೆದು ಎಂದೋ ತೀರಿಕೊಂಡವರು. ಅವರ ಕಥೆ ಓದದೆ ನಮ್ಮ ಕಡೆ ಯಾರೂ ನಾಲ್ಕನೆಯ ಇಯತ್ತೆ ದಾಟಿಲ್ಲ. ಅವರ ಪುಸ್ತಕಗಳ ಮೊದಲ ಮುದ್ರಣ ಯಾವುದು, ನಂತರದ್ದು ಯಾವುದು, ಗುರುತಿಸುವುದು ಹೇಗೆ, ಇದನ್ನೆಲ್ಲ ಹೇಳುವ ಪುಸ್ತಕ ಇರಲಿಲ್ಲ. ಧಾರವಾಡದ ವಾಚನಾಲಯವೊಂದರ ಗ್ರಂಥಪಾಲನಾದ ನಾನು ನಾಲ್ಕು ವರ್ಷಗಳ ಹಿಂದೆ ಅಂಥದೊಂದನ್ನು ಬರೆದು ಅಚ್ಚು ಹಾಕಿಸಿದೆ. ಜನ ಅದನ್ನು ಕೊಂಡರು, ನಂಬಿದರು. ನನ್ನ ತಲೆಯೂ ತುಸು ತಿರುಗಿತು, ಒಪ್ಪಿಕೊಳ್ಳುತ್ತೇನೆ.

ಕಾಗದ ಬರೆದವಳು ಶಿರಹಟ್ಟಿಯ ಒಬ್ಬ ಸೊಸೆ. ಅವಳ ಅತ್ತೆ ನೀಲವ್ವ ಮಾಸ್ತರರ ಮಗಳು. ಕೈಪಿಡಿಯಲ್ಲಿ ಮಾಸ್ತರರ ಮೊದಲ ಪುಸ್ತಕಕ್ಕೆ ಆರು ಕಥೆ ಎಂದು ಹಾಕಿದ್ದೀರಿ, ಅದರಲ್ಲಿ ಏಳು ಕಥೆ ಇದ್ದವು ಎಂದು ಅತ್ತೆ ಹೇಳುತ್ತಾಳೆ. ಏಳನೆಯದು ಅವಳ ತಾಯಿಯ ಕುರಿತದ್ದು. ಅತ್ತೆಗೆ ಸಿಡುಬಿನಲ್ಲಿ ಕಣ್ಣು ಹೋಗಿವೆ. ಪುಸ್ತಕ ಸಿಕ್ಕರೆ ಅದೊಂದು ಕಥೆ ಓದಿ ಕೇಳಿಸಬೇಕು. ಇಷ್ಟೇ ಇತ್ತು.

ಆ ಪುಸ್ತಕದ ಮೊದಲ ಮುದ್ರಣವೆಂದು ನಾನು ಕಂಡದ್ದು ಒಂದೇ ಪ್ರತಿ. ಕೆಂಪು ಕೈಮಗ್ಗದ ಅರಿವೆಯ ಹೊದಿಕೆ, ತೊಂಬತ್ತಾರು ಪುಟ, ಆರು ಕಥೆ. ಎರಡನೆಯ ಮುದ್ರಣಕ್ಕೆ ಬರೀ ಕಾಗದದ ಹೊದಿಕೆ, ಅದರಲ್ಲೂ ಆರೇ ಕಥೆ. ಆದ್ದರಿಂದ ಕೈಪಿಡಿಯಲ್ಲಿ ಕೆಂಪು ಅರಿವೆಯೇ ಮೊದಲ ಮುದ್ರಣದ ಗುರುತು ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆ. ಕಾಗದ ಓದಿದ ಮೇಲೆ ನನ್ನ ಪ್ರತಿಯನ್ನು ಮತ್ತೆ ತೆಗೆದು ನೋಡಿದೆ. ಹದಿನಾರು ಪುಟಕ್ಕೊಂದು ಹೊಲಿಗೆ, ಅಂಥವು ಆರು. ಬೆನ್ನಿನಲ್ಲಿ ಏಳನೆಯ ಹೊಲಿಗೆಯ ದಾರದ ತುಂಡು ಉಳಿದಿತ್ತು. ನಾನು ಇಷ್ಟು ವರ್ಷ ಅದನ್ನು ನೋಡಿಯೂ ನೋಡಿರಲಿಲ್ಲ. ಕೊನೆಯ ಹದಿನಾರು ಪುಟ ಉದುರಿಹೋಗಿದ್ದವು. ಅವು ಇರುವ ಇನ್ನೊಂದು ಪ್ರತಿ ಹುಡುಕಲು ಹೊರಟಿದ್ದೆ.

ಗದಗಿನ ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಉಂಡು ಟಾಂಗಾದಲ್ಲಿ ಬೆಟಗೇರಿಗೆ ಹೋದೆ. ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಮನೆಯಿಂದ ಮನೆಗೆ ದಾಟುತ್ತಿತ್ತು. ಪುಸ್ತಕಕ್ಕೆ ಅರಿವೆ ಕೊಟ್ಟ ಮನೆಯವರು ಇನ್ನೂ ಇದ್ದಾರೆಂದು ಕೇಳಿದ್ದೆ. ಆ ಮನೆಯ ಸಂಗಪ್ಪಜ್ಜನಿಗೆ ಎಪ್ಪತ್ತರ ಮೇಲೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟೇ ಮಾತಾಡಿದ. ಮಾಸ್ತರರೂ ತನ್ನ ಅಪ್ಪನೂ ಗೆಳೆಯರೆಂದೂ, ರಟ್ಟಿಗೆ ಹೊದಿಸಲು ಅರಿವೆ ತನ್ನ ಮನೆಯಿಂದಲೇ ಹೋಯಿತೆಂದೂ ಹೇಳಿದ. ಕೆಂಪು ಅರಿವೆ ಎಷ್ಟು ಕೊಟ್ಟಿರಿ ಎಂದು ಕೇಳಿದೆ. ಅಜ್ಜ ಲಾಳಿ ನಿಲ್ಲಿಸಿ ನನ್ನ ಮುಖ ನೋಡಿದ.

"ಕೆಂಪು ಅಂತ ಯಾರು ಹೇಳಿದ್ರಿ ಸಾಹೇಬ್ರ? ಒಂದ ಬಣ್ಣದ ಅರಿವಿ ಅಷ್ಟು ಕೊಡಾಕ ನಾವೇನು ಸಾವಕಾರರೇನ್ರಿ? ಸೀರಿ ನೇದು ಉಳಿದ ತುದಿ, ತುಂಡು, ಅವನ್ನ ಕೊಟ್ಟಿದ್ವಿ. ನಾನ ಹೊತಗೊಂಡು ಹೋಗಿದ್ದೆ. ಒಂದು ಪುಸ್ತಕಕ್ಕ ಚೌಕಡಿ, ಒಂದಕ್ಕ ಪಟ್ಟಿ, ಒಂದಕ್ಕ ಹಸರು. ಒಂದರಂಗ ಒಂದು ಇರಲಿಲ್ಲ."

ಒಂದು ಪ್ರತಿ ಕಂಡು ಎಲ್ಲ ಪ್ರತಿಗಳ ಬಣ್ಣ ಹೇಳಿದ್ದೆ. ಈ ಓಣಿಗೆ ಒಮ್ಮೆ ಬಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೈಪಿಡಿಗೆ ಟಿಪ್ಪಣಿ ಕೂಡಿಸತೊಡಗಿದಾಗ ಸಂಸ್ಥಾನಗಳು ಇನ್ನೂ ವಿಲೀನವಾಗಿರಲಿಲ್ಲ, ಗಡಿ ಗಡಿಗೆ ತಪಾಸಣೆಯ ನಾಕೆಗಳಿದ್ದವು, ಲಕ್ಷ್ಮೇಶ್ವರ ಒಬ್ಬ ಅರಸರದು, ಶಿರಹಟ್ಟಿ ಇನ್ನೊಬ್ಬರದು, ಮುಂಡರಗಿ ದಾಟಿದರೆ ನಿಜಾಮರ ಸೀಮೆ, ತಿರುಗಾಡುವುದು ಕಷ್ಟವಿತ್ತು ಎಂದು ನಾನು ಗೆಳೆಯರಿಗೆ ಹೇಳುತ್ತಿದ್ದೆ. ಬೆಟಗೇರಿಗೆ ಬರಲು ಯಾವ ನಾಕೆಯೂ ಅಡ್ಡ ಇರಲಿಲ್ಲ. ನನ್ನ ಸೋಮಾರಿತನ ಅಡ್ಡ ಇತ್ತು, ಅಷ್ಟೇ.

ಮರುದಿನ ಬೆಳಗಿನ ಮೋಟಾರಿಗೆ ಲಕ್ಷ್ಮೇಶ್ವರಕ್ಕೆ ಹೊರಟೆ. ಮಲ್ಲಸಮುದ್ರ ದಾಟಿದ ಮೇಲೆ ಎರಡೂ ಕಡೆ ಎರೆಹೊಲ ಬಾಯಿ ಬಿಟ್ಟು ಮಲಗಿತ್ತು. ಅಡರಕಟ್ಟಿಯ ಹತ್ತಿರ ಗಾಲಿ ಪಂಚರ್ ಆಗಿ ಒಂದು ತಾಸು ಬೇವಿನ ಗಿಡದ ಕೆಳಗೆ ನಿಂತೆವು. ಅಲ್ಲಿಯೂ ಪ್ರಯಾಣಿಕರು ನಾಡು ಒಂದಾಗುವ ಮಾತನ್ನೇ ಆಡುತ್ತಿದ್ದರು.

ಲಕ್ಷ್ಮೇಶ್ವರದಲ್ಲಿ ಅರಸರ ಕಾಲದ ಒಂದು ಸಣ್ಣ ಓದುಮನೆ ಇತ್ತು. ಸಂಸ್ಥಾನ ವಿಲೀನವಾದ ಮೇಲೆ ಅದಕ್ಕೆ ದಿಕ್ಕಿರಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದ ಹಳೆಯ ಗುಮಾಸ್ತ ನನ್ನ ಹೆಸರು ಕೇಳುತ್ತಲೇ ಎದ್ದು ನಿಂತ. ಒಳಗಿನಿಂದ ಮಜ್ಜಿಗೆ ತರಿಸಿದ. ನಿಮ್ಮ ಕೈಪಿಡಿ ಇರದಿದ್ದರೆ ನಮ್ಮ ಕೆಲಸ ಆಗುತ್ತಿರಲಿಲ್ಲ ಎಂದ. ಎರಡು ವರ್ಷಗಳ ಹಿಂದೆ ಕಟ್ಟಡ ಬಿಡಬೇಕಾಗಿ ಬಂದಾಗ ಇಡತಕ್ಕ ಪುಸ್ತಕ, ಬಿಡತಕ್ಕ ಪುಸ್ತಕ ಎಂದು ಎರಡು ರಾಶಿ ಮಾಡಿದ್ದನಂತೆ. ಮಾಸ್ತರರ ಮೊದಲ ಪುಸ್ತಕದ ಮೂರು ಪ್ರತಿ ಇದ್ದವಂತೆ. ಒಂದು ಹಸಿರು, ಎರಡು ಪಟ್ಟಿಪಟ್ಟಿ. ಕೆಂಪು ಇರಲಿಲ್ಲ. ಮೂರನ್ನೂ ರದ್ದಿಗೆ ಹಾಕಿದ್ದ. ಚುರುಮುರಿ ಅಂಗಡಿಯವರು ಒಯ್ದರು ಎಂದು ಅವನು ಸಮಾಧಾನದಿಂದಲೇ ಹೇಳಿದ. ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ನಿಜ ಹೇಳುವ ಧೈರ್ಯ ಬರಲಿಲ್ಲ. ಹೊರಡುವಾಗ ಅವನು ಒಂದು ಸುಳಿವು ಕೊಟ್ಟ. ಮುಂಡರಗಿಯಲ್ಲಿ ರಟ್ಟು ಕಟ್ಟುವ ಈರಣ್ಣ ಎಂಬವರಿದ್ದಾರೆ, ಮಾಸ್ತರರ ಪುಸ್ತಕ ಜೀವ ತೇಯ್ದು ಕೂಡಿಸುತ್ತಾರೆ, ಅವರ ಹತ್ತಿರ ಇದ್ದೇ ಇರುತ್ತದೆ.

ಆ ಸುಳಿವು ಹಿಡಿದುಕೊಂಡು ಸಂಜೆಗೆ ಶಿರಹಟ್ಟಿ ಮುಟ್ಟಿದೆ. ನೀಲವ್ವನ ಮನೆ ತುಂಬ ಮಂದಿ. ಮೊಮ್ಮಕ್ಕಳು, ಸೆಗಣಿ ಬಳಿಯುವವರು, ಜೋಳ ಹಸನು ಮಾಡುವವರು. ನೀಲವ್ವ ಕಟ್ಟೆಯ ಮೇಲೆ ಕುಳಿತು ಕೈಯಿಂದ ತಡವಿ ತಡವಿ ಬೇಳೆಯಲ್ಲಿ ಹರಳು ಆರಿಸುತ್ತಿದ್ದಳು. ಸೊಸೆ ನನ್ನನ್ನು ಕೂರಿಸಿ ಅವಲಕ್ಕಿ ಕೊಟ್ಟಳು. ನೀಲವ್ವ ತನ್ನ ವಿಷಯ ಹೆಚ್ಚೇನೂ ಹೇಳಲಿಲ್ಲ. ಪ್ಲೇಗಿನ ವರ್ಷ ಊರ ಹೊರಗೆ ಜೋಪಡಿ ಹಾಕಿದ್ದಾಗ ತಾಯಿ ತೀರಿದಳು. ನೀಲವ್ವನಿಗೆ ಆಗ ನಾಲ್ಕು ವರ್ಷ. ಅಪ್ಪ ಮತ್ತೆ ಮದುವೆಯಾದ. ಹೊಸ ಬೀಗರಿಗೆ ಸತ್ತವಳ ಕಥೆ ಹಿಡಿಸಲಿಲ್ಲವೆಂದು ಎರಡನೆಯ ಸಲ ಅಚ್ಚು ಹಾಕುವಾಗ ಅದನ್ನು ಬಿಟ್ಟ. ಮನೆಯಲ್ಲಿದ್ದ ಪುಸ್ತಕವೂ ಆಗಲೇ ಕಾಣೆಯಾಯಿತು. ತಾಯಿಯ ಫೋಟೋ ಇಲ್ಲ, ತಾಯಿಯ ಕಡೆಯವರೂ ಉಳಿದಿಲ್ಲ.

"ಅವ್ವನ ಮಾರಿ ನನಗ ನೆನಪಿಲ್ಲ ಯಪ್ಪಾ. ಅಪ್ಪ ಅದರಾಗ ಬರದಾನಂತ. ಹೆಂಗಿದ್ಲು, ಹೆಂಗ ನಡೀತಿದ್ಲು, ಎಲ್ಲಾ ಬರದಾನಂತ. ಒಂದ ಸಲ ಕೇಳಿದ್ರ ಸಾಕು ನೋಡ್ರಿ."

ಮುಂಡರಗಿಯ ಈರಣ್ಣನ ವಿಷಯ ಹೇಳಿದೆ. ಪುಸ್ತಕ ತಂದೇ ತರುತ್ತೇನೆ ಎಂದೆ. ಹಾಗೆ ಮಾತು ಕೊಡಬಾರದಿತ್ತು. ಆದರೆ ಹರಳು ಆರಿಸುತ್ತಿದ್ದ ಆ ಕೈ ನಿಂತುಬಿಟ್ಟಿತ್ತು.

ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಬೆಳ್ಳಟ್ಟಿಗೆ ಚಕ್ಕಡಿಯಲ್ಲಿ ಹೋದೆ. ಮಾಸ್ತರರು ಕಲಿಸಿದ ಶಾಲೆಯ ಕಪಾಟು ತೆಗೆಸಿ ನೋಡಿದೆ. ಗೆದ್ದಲು ಹಿಡಿದ ನಕಾಶೆಗಳ ಹೊರತು ಏನೂ ಇರಲಿಲ್ಲ. ಮರುದಿನ ಅರಳೆ ಹೇರಿದ ಲಾರಿಯೊಂದರಲ್ಲಿ, ಚಾಲಕನ ಪಕ್ಕ ಕುಳಿತು, ಎಡಕ್ಕೆ ಕಪ್ಪತಗುಡ್ಡ ನೋಡುತ್ತ ಮುಂಡರಗಿಗೆ ಬಂದೆ. ಕಣ್ಣು, ಮೂಗು, ಬಾಯಿ ಎಲ್ಲ ಕೆಂಧೂಳು.

ಈರಣ್ಣನವರ ಮನೆ ಪೇಟೆಯ ಹಿಂದಿನ ಓಣಿಯಲ್ಲಿ. ಅಂಟಿನ ವಾಸನೆಯಿಂದಲೇ ಗೊತ್ತಾಯಿತು. ಹುಳ ಹಿಡಿಯದಂತೆ ಮೈದಾಹಿಟ್ಟಿಗೆ ಮೈಲುತುತ್ತ ಬೆರೆಸಿ ಕುದಿಸುತ್ತಿದ್ದರು. ಸುತ್ತಲಿನ ಊರ ಚಾವಡಿಗಳ ಲೆಕ್ಕದ ದಫ್ತರಗಳನ್ನೆಲ್ಲ ಅವರೇ ಕಟ್ಟುವವರು. ನನ್ನ ಹೆಸರು ಕೇಳಿ ಕೈ ತೊಳೆದುಕೊಂಡು ಬಂದು ಕಾಲಿಗೆ ಎರಗಲು ಬಾಗಿದರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ನಾನು ಹಿಂದೆ ಸರಿದೆ. ಗೋಡೆಯ ಗೂಡಿನಲ್ಲಿ ಮಾಸ್ತರರ ಹತ್ತು ಪುಸ್ತಕ ಸಾಲಾಗಿದ್ದವು, ಎಲ್ಲ ಮೊದಲ ಮುದ್ರಣ, ಎಲ್ಲಕ್ಕೂ ಕುಂಕುಮದ ಬೊಟ್ಟು. ಮೊದಲನೆಯದರ ಜಾಗ ಖಾಲಿ.

ಅದೊಂದು ಸಿಗಲಿಲ್ಲ ಎಂದರು. ಸಿಕ್ಕಿತ್ತು, ಆದರೆ ಖರೆ ಪ್ರತಿ ಅಲ್ಲವೆಂದು ತಾವೇ ತಿಳಿಸಿದಿರಲ್ಲ ಎಂದರು. ಪೆಟ್ಟಿಗೆಯಿಂದ ಒಂದು ಕಾರ್ಡು ತೆಗೆದು ಎರಡೂ ಕೈಯಿಂದ ಕೊಟ್ಟರು. ಅಕ್ಷರ ನನ್ನದೇ. ಮೂರು ವರ್ಷ ಹಿಂದಿನ ಕಾರ್ಡು. ತಮ್ಮಲ್ಲಿರುವ ಪ್ರತಿಗೆ ನೀಲಿ ಚೌಕಡಿ ಅರಿವೆಯೂ ನೂರಹನ್ನೆರಡು ಪುಟವೂ ಇರುವುದರಿಂದ ಅದು ಮೊದಲ ಮುದ್ರಣವಲ್ಲ, ಕೊನೆಯ ಕಥೆ ಬೇರೆ ಯಾರದೋ ಸೇರಿಸಿ ಕಟ್ಟಿದ್ದು, ಇಟ್ಟುಕೊಳ್ಳುವ ಅಗತ್ಯವಿಲ್ಲ ಎಂದು ಬರೆದಿದ್ದೆ. ಕೆಳಗೆ ದೊಡ್ಡದಾಗಿ ಸಹಿ. ಇಂಥ ಕಾರ್ಡು ಆಗ ಎಷ್ಟೋ ಬರೆಯುತ್ತಿದ್ದೆ. ಇದನ್ನು ಬರೆದದ್ದು ನೆನಪೇ ಇರಲಿಲ್ಲ.

ಪುಸ್ತಕ ಏನಾಯಿತು ಎಂದು ಕೇಳಿದೆ.

"ಬಿಚ್ಚಿ ರಟ್ಟು ಮಾಡಿದ್ನಿರಿ. ಹಳೀ ಹಾಳಿ ಒಂದರ ಮ್ಯಾಲೊಂದು ಅಂಟಿಸಿದ್ರ ಗಟ್ಟಿ ರಟ್ಟು ಆಕ್ಕೈತಿ. ಭಾಳಷ್ಟು ಚಾವಡಿ ದಫ್ತರಕ್ಕ ಹೋತು. ಅರಿವಿ ಲಾಟೀನ ಒರಸಾಕ ಇಟಗೊಂಡಿದ್ವಿ."

ದಫ್ತರಗಳು ಸರಕಾರದವು, ಯಾವ ಊರಿಗೆ ಯಾವುದು ಹೋಯಿತೋ ಅವರಿಗೇ ನೆನಪಿಲ್ಲ. ನಾನು ಆಗ ಎಲ್ಲ ಹೇಳಿದೆ. ಸಂಗಪ್ಪಜ್ಜನ ಮಾತು, ಲಕ್ಷ್ಮೇಶ್ವರದ ರದ್ದಿ, ನೀಲವ್ವನ ಕೈ. ಈರಣ್ಣನವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅಂಟಿನ ಪಾತ್ರೆ ಒಲೆಯಿಂದ ಇಳಿಸಿ, ಎದ್ದು ಗೂಡಿನಿಂದ ಒಂದು ಪುಸ್ತಕ ತಂದರು. ಅದು ನನ್ನ ಕೈಪಿಡಿ. ತೆಳ್ಳನೆಯ ಕಾಗದದ ಹೊದಿಕೆ ತಾಳುವುದಿಲ್ಲವೆಂದು ಅದಕ್ಕೆ ಗಟ್ಟಿ ರಟ್ಟು ಕಟ್ಟಿದ್ದರು. ಆ ಚೌಕಡಿ ಪುಸ್ತಕ ಬಿಚ್ಚಿದ ದಿನಗಳಲ್ಲೇ ಮಾಡಿದ ರಟ್ಟು.

ಇಬ್ಬರೂ ಸೇರಿ ಅದನ್ನು ಹರಿದು ಅಗಲವಾದ ಬೋಗುಣಿಯಲ್ಲಿ ಬಿಸಿನೀರಿಗೆ ಹಾಕಿದೆವು. ಒಂದೊಂದೇ ಹಾಳೆ ಬಿಡಿಸಲು ಮಧ್ಯಾಹ್ನ ಪೂರ್ತಿ ಹಿಡಿಯಿತು. ಮೈಲುತುತ್ತ ತಿಂದು ಅಕ್ಷರ ಹಸಿರಾಗಿದ್ದವು. ಹಿಂದಿನ ರಟ್ಟಿನಲ್ಲಿ ಇದ್ದದ್ದೆಲ್ಲ ಬೇರೆ ಕಥೆಗಳ ಹಾಳೆ, ಹಳೆಯ ಪಂಚಾಂಗ. ಮುಂದಿನ ರಟ್ಟಿನಲ್ಲಿ ಏಳನೆಯ ಕಥೆಯದು ಒಂದು ಹಾಳೆ ಸಿಕ್ಕಿತು. ಒಂದು ಮಗ್ಗಲು ಪೂರ್ತಿ ಅಳಿಸಿತ್ತು. ಇನ್ನೊಂದು ಮಗ್ಗಲಲ್ಲಿ ಕೆಳಗಿನ ನಾಲ್ಕು ಸಾಲು ಉಳಿದಿದ್ದವು. ಉಳಿದದ್ದು ನೀರಿನಲ್ಲಿ ಹಿಟ್ಟಾಯಿತು.

ಮರುದಿನ ಮುಂಡರಗಿಯಿಂದ ಗದಗಿಗೆ ನೇರ ಮೋಟಾರಿತ್ತು. ಹತ್ತಿ ಕುಳಿತಿದ್ದರೆ ಸಂಜೆಗೆ ಧಾರವಾಡದ ಗಾಡಿ ಸಿಗುತ್ತಿತ್ತು. ಹಾಗೆ ಮಾಡಬೇಕೆಂದು ನನಗೆ ಅನಿಸಿತೆಂಬುದನ್ನು ಮುಚ್ಚಿಡುವುದಿಲ್ಲ. ಬಂದ ದಾರಿಯಲ್ಲೇ ಶಿರಹಟ್ಟಿಗೆ ತಿರುಗಿದೆ. ನಾಲ್ಕು ಸಾಲಿನ ಮುಂದೆ ನಾಲ್ಕು ನಾನೇ ಕಟ್ಟಿ ಓದಿದರೆ ಆ ಕುರುಡಿಗೆ ಏನು ತಿಳಿಯುತ್ತದೆ ಎಂಬ ಯೋಚನೆಯೂ ದಾರಿಯಲ್ಲಿ ಬಂತು. ಇಷ್ಟು ವರ್ಷ ಇಲ್ಲದ್ದನ್ನು ಇದೆ ಎಂದು ಬರೆದವನಿಗೆ ಅದೇನೂ ಕಷ್ಟವಲ್ಲ.

ನೀಲವ್ವ ಅದೇ ಕಟ್ಟೆಯ ಮೇಲೆ ಇದ್ದಳು. ತಪ್ಪು ನನ್ನದೆಂದು ಮೊದಲೇ ಹೇಳಿಬಿಟ್ಟೆ. ಅವಳು ಓದ್ರಿ ಎಂದಳು. ಸೊಸೆ ಮಕ್ಕಳನ್ನು ಸುಮ್ಮನಿರಿಸಿದಳು. ಇದ್ದದ್ದನ್ನು ಇದ್ದಷ್ಟೇ ಓದಿದೆ. ಕೊಡ ಇಳಿಸಿ ಆಕೆ ಮಗಳನ್ನು ಕೂಗಿದಳು. ಮಗಳು ಬರಲಿಲ್ಲ. ಎಡಗಾಲು ತುಸು ಎಳೆದು ನಡೆಯುತ್ತಿದ್ದ ಆಕೆ ಜೋಪಡಿಯ ಬಾಗಿಲಿನ ತನಕ ಬಂದು, ಎಂಬಲ್ಲಿಗೆ ಪುಟ ಮುಗಿದಿತ್ತು.

"ಎಡಗಾಲು ಎಳೀತಿದ್ಲೇನು?" ಎಂದಳು ನೀಲವ್ವ. "ನನಗ ಯಾರೂ ಹೇಳಿರಲಿಲ್ಲ" ಎಂದಳು. ಆಮೇಲೆ ಮುಂದೆ ಎಂದು ಕೇಳಿದಳು. ಮುಂದೆ ಇಲ್ಲ ಎಂದೆ. ತಾಯಿಯ ಮುಖ ಹೇಗಿತ್ತೆಂಬುದು ಮುಂದಿನ ಪುಟದಲ್ಲಿ ಇದ್ದಿರಬೇಕು. ಅದನ್ನು ನಾನು ಹೇಳಲಿಲ್ಲ. ಅವಳಿಗೆ ತಿಳಿಯಿತು.

ಮಾಸ್ತರರ ಆ ಕಥೆಯದು ಲೋಕದಲ್ಲಿ ಉಳಿದದ್ದು ಬಹುಶಃ ಆ ಹಾಳೆ ಒಂದೇ. ವಾಚನಾಲಯದ ಕಪಾಟಿಗೆಂದು ಎರಡು ರಟ್ಟಿನ ನಡುವೆ ಜೋಪಾನವಾಗಿ ತಂದಿದ್ದೆ. ನಾಲ್ಕು ಸಾಲು ಬರೆದುಕೊಂಡು ಹಾಳೆಯನ್ನು ಅವಳ ಕೈಯಲ್ಲಿಟ್ಟೆ. ಅದು ಇನ್ನೂ ಪೂರ್ತಿ ಆರಿರಲಿಲ್ಲ. ಅವಳು ಬೇಳೆಯಲ್ಲಿ ಹರಳು ಹುಡುಕುವಂತೆಯೇ ಬೆರಳಿನಿಂದ ಮೆಲ್ಲಗೆ ತಡವಿದಳು.

"ಅವ್ವ ಎಲ್ಲಿ ಅದಾಳ್ರಿ ಇದರಾಗ?"

ಅವಳ ಬೆರಳು ಹಿಡಿದು ಕೆಳಗಿನ ಸಾಲಿನ ಮೇಲೆ ಇಟ್ಟೆ. ಬೇಗನೆ ಎದ್ದೆ, ಮೋಟಾರಿನ ಹೊತ್ತಾಗಿತ್ತು. ಓಣಿಯ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದೆ. ಬೆರಳು ನಾನಿಟ್ಟ ಕಡೆಯೇ ಇತ್ತು.