ಟಿಕೆಟ್ ಪಾಸ್ ಮಾಡಿ

ಸಿಡ್ನಿಯ ಜಾರ್ಜ್ ಸ್ಟ್ರೀಟಿನಲ್ಲಿ ಈಗ ಟ್ರಾಮ್ ಓಡಾಡುತ್ತದೆ. ಅದರ ಗಂಟೆ ಟಣ್ ಟಣ್ ಎಂದರೆ ಸಾಕು, ನನ್ನ ಕೈ ತಾನಾಗಿ ಎದೆಯ ಜೇಬಿಗೆ ಹೋಗುತ್ತದೆ. ಜೇಬಿನಲ್ಲಿ ಏನೂ ಇರುವುದಿಲ್ಲ. ಎಷ್ಟೋ ಸಲ ಅಂಗಿಗೆ ಜೇಬೇ ಇರುವುದಿಲ್ಲ. ಆದರೂ ಟಿಕೆಟ್ ಇದೆಯೇ ಎಂದು ತಡವಿ ನೋಡದೆ ಸಮಾಧಾನವಿಲ್ಲ. ಇದು ಮೆಲ್ಬರ್ನ್ ಅಂಟಿಸಿದ ಚಾಳಿ.

ಎರಡು ಸಾವಿರದ ದಶಕದ ನಡುವಿನ ಮಾತು. ಓದು ಮುಗಿಸಿ, ಸಿಡ್ನಿಯ ಗಿರಾವೀನ್‌ನಲ್ಲಿ ಮನೆ ಹಂಚಿಕೊಂಡು, ಪಿಆರ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದೆ. ಅದು ಸಿಕ್ಕರೆ ಇಲ್ಲಿ ಕಾಯಂ, ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಆಗಲೇ ಮೈಸೂರಿನಿಂದ ದೊಡ್ಡಮ್ಮ ಬಂದರು. ನಮ್ಮಮ್ಮನ ಅಕ್ಕ, ಹೈಸ್ಕೂಲು ಟೀಚರಾಗಿ ನಿವೃತ್ತರಾದವರು. ಅವರಿಗೆ ಮೆಲ್ಬರ್ನ್ ತೋರಿಸೋಣವೆಂದು ಕರೆದುಕೊಂಡು ಹೋಗಿ, ಕ್ಲೇಟನ್‌ನಲ್ಲಿದ್ದ ಗೆಳೆಯ ಶಿವುವಿನ ಮನೆಯಲ್ಲಿ ಇಳಿದೆವು.

ಹಾಸನದ ಶಿವು ಕಾಫಿ ಕೊಡುವುದಕ್ಕೂ ಮುಂಚೆ ಎಚ್ಚರಿಕೆ ಕೊಟ್ಟ. "ನೋಡು ಗುರು, ಟ್ರಾಮ್‌ನಲ್ಲಿ ಇನ್‌ಸ್ಪೆಕ್ಟರ್‌ಗಳು ಯೂನಿಫಾರ್ಮ್ ಹಾಕಲ್ಲ. ನಿನ್ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿರ್ತಾರೆ. ಫೈನ್ ಬಿತ್ತು ಅಂದ್ರೆ ಹೆಸರು ಸಿಸ್ಟಮ್‌ಗೆ ಹೋಗುತ್ತೆ. ಆಮೇಲೆ ನಿನ್ ಪಿಆರ್ ಗೋವಿಂದ!"

ಅದು ನಿಜವೋ ಅವನ ಕಲ್ಪನೆಯೋ ನಾನು ವಿಚಾರಿಸಲಿಲ್ಲ. ಕೆಟ್ಟ ಸುದ್ದಿಗೆ ಸಾಕ್ಷಿ ಕೇಳುವ ಪೈಕಿ ನಾನಲ್ಲ. ಅನುಮಾನ ನನಗೆ ಅಪ್ಪನ ಕಡೆಯಿಂದ ಬಂದ ಆಸ್ತಿ. ಅಪ್ಪ ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ತುದಿಯವರೆಗೂ ಹೋಗಿ, ಮತ್ತೆ ವಾಪಸ್ಸು ಬಂದು ಜಗ್ಗುತ್ತಿದ್ದರು. ಅಂಥವರ ಮಗ ನಾನು. ಅವತ್ತು ಸಂಜೆಯೇ ಅಂಗಡಿಗೆ ಹೋಗಿ ಮರುದಿನಕ್ಕೆ ಇಬ್ಬರಿಗೂ ಟಿಕೆಟ್ ಕೊಂಡುತಂದು, ದೊಡ್ಡಮ್ಮನದನ್ನು ಅವರ ಕೈಗೇ ಕೊಟ್ಟೆ.

ಮರುದಿನ ಶಿವು ನಮ್ಮನ್ನು ಕಾರಿನಲ್ಲಿ ಊರಿನ ನಡುವೆ ಇಳಿಸಿ ಹೋದ. ಅಲ್ಲಿ ಕೆಂಗಂದು ಬಣ್ಣದ ಹಳೇ ಟ್ರಾಮ್ ಒಂದು ಪ್ರವಾಸಿಗರನ್ನು ಪುಕ್ಕಟೆಯಾಗಿ ಸುತ್ತಿಸುತ್ತಿತ್ತು. ನೀವೇ ಹೇಳಿ, ಇಷ್ಟು ದುಬಾರಿ ದೇಶದಲ್ಲಿ ಪುಕ್ಕಟೆ ಎಂದರೆ ನಂಬುವುದು ಹೇಗೆ? ಹತ್ತಿಸಿಕೊಂಡು ಹಿಡಿಯುವ ಉಪಾಯವೆಂದು ನನಗೆ ಖಾತ್ರಿಯಾಯಿತು. "ಫ್ರೀ ಅಂತ ದಪ್ಪಕ್ಷರದಲ್ಲಿ ಬರ್ದಿದಾರಲ್ಲೋ!" ಎಂದು ದೊಡ್ಡಮ್ಮ ಗೊಣಗಿದರು. ನಾನು ಕೇಳಲಿಲ್ಲ. ಅವರನ್ನು ಎಳೆದುಕೊಂಡು ಹಿಂದೆ ಬಂದ ಕಾಸಿನ ಟ್ರಾಮ್ ಹತ್ತಿದೆ.

ಅವತ್ತು ಎಲ್ಲೋ ಫುಟ್‌ಬಾಲ್ ಪಂದ್ಯ. ಕೊರಳಿಗೆ ಬಣ್ಣದ ಮಫ್ಲರ್ ಸುತ್ತಿಕೊಂಡ ಜನ ಒಳಗೆ ಕಾಲಿಡಲೂ ಜಾಗವಿಲ್ಲದಂತೆ ತುಂಬಿದ್ದರು. ಬೂದು ಜಾಕೆಟ್ಟಿನವನೊಬ್ಬ ಮಾತ್ರ ಮಫ್ಲರಿಲ್ಲದೆ, ನಗುವಿಲ್ಲದೆ, ಒಬ್ಬೊಬ್ಬರನ್ನೇ ನೋಡುತ್ತ ನಿಂತಿದ್ದ. ಇವನೇ ಎಂದುಕೊಂಡೆ. ದೊಡ್ಡಮ್ಮನ ಕಿವಿಯಲ್ಲಿ, "ಟಿಕೆಟ್ ಕೈಯಲ್ಲೇ ಇಟ್ಕೊಳಿ" ಎಂದೆ.

"ಅಯ್ಯೋ, ಅದನ್ನ ಶಿವು ಮನೇಲೇ ಬಿಟ್ಟೆ ಕಣೋ. ಓದ್ತಿದ್ದ ಪುಸ್ತಕಕ್ಕೆ ಗುರುತಿಗೆ ಇಟ್ಟಿದ್ದೆ."

ನಾಣ್ಯ ಹಾಕಿ ಟಿಕೆಟ್ ತೆಗೆಯುವ ಮೆಷಿನ್ ಟ್ರಾಮಿನ ಮಧ್ಯಭಾಗದಲ್ಲಿತ್ತು, ನಮಗೂ ಅದಕ್ಕೂ ನಡುವೆ ಜನಸಾಗರ. "ಮುಂದಿನ ಸ್ಟಾಪಲ್ಲಿ ಇಳಿದುಬಿಡೋಣ" ಎಂದೆ. ದೊಡ್ಡಮ್ಮ ನನ್ನ ಕಡೆ ನೋಡಲೂ ಇಲ್ಲ. ಪರ್ಸಿನಿಂದ ನಾಣ್ಯಗಳನ್ನು ತೆಗೆದು ಮುಂದಿದ್ದ ಹುಡುಗಿಯ ಅಂಗೈಗೆ ಹಾಕಿ, ಮೈಸೂರಿನ ಸಿಟಿ ಬಸ್ಸಿನಲ್ಲಿ ಹೇಳುವಂತೆಯೇ ಹೇಳಿದರು: "ಒಂದು ಟಿಕೆಟ್, ಪಾಸ್ ಮಾಡಮ್ಮ."

ಹುಡುಗಿ ತಬ್ಬಿಬ್ಬಾದಳು. ದೊಡ್ಡಮ್ಮ ಮೆಷಿನ್ನಿನ ಕಡೆ ಗಲ್ಲ ಎತ್ತಿ ತೋರಿಸಿದರು. ನಾಣ್ಯ ಹುಡುಗಿಯಿಂದ ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡವನಿಗೆ, ಅವನಿಂದ ನೇರವಾಗಿ ಬೂದು ಜಾಕೆಟ್ಟಿನವನ ಕೈಗೆ ಹೋಯಿತು! ಅಷ್ಟರಲ್ಲಿ ಸ್ಟಾಪ್ ಬಂದು ಜನ ನುಗ್ಗಾಡಿದರು, ಅವನು ಮರೆಯಾದ. ದುಡ್ಡೂ ಹೋಯಿತು, ಟಿಕೆಟಿಲ್ಲವೆಂದು ನಾವೇ ಡಂಗುರ ಸಾರಿದಂತೆಯೂ ಆಯಿತು. ನಾನು ಮನಸ್ಸಿನಲ್ಲೇ ಸೂಟ್‌ಕೇಸ್ ಕಟ್ಟತೊಡಗಿದೆ.

ಟ್ರಾಮ್ ಹೊರಟ ಮೇಲೆ ಟಿಕೆಟ್ ಬಂತು. ಅದೇ ಕೈಗಳನ್ನು ದಾಟಿಕೊಂಡು, ಚಿಲ್ಲರೆಯ ಸಮೇತ. ಬೆರಗಾದದ್ದು ನಾನೊಬ್ಬನೇ.

"ಬರದೆ ಎಲ್ಲಿಗ್ ಹೋಗುತ್ತೋ?" ಎಂದರು ದೊಡ್ಡಮ್ಮ.

ಅದರ ಹಿಂದೆಯೇ ಬೂದು ಜಾಕೆಟ್ಟಿನವನೂ ಬಂದ. ಒಳಜೇಬಿನಿಂದ ಬಿಲ್ಲೆ ತೆಗೆದು ತೋರಿಸಿ, "ಟಿಕೆಟ್ಸ್ ಪ್ಲೀಸ್" ಎಂದ. ನನ್ನ ಅನುಮಾನ ನಿಜವಾಗಿತ್ತು. ನಂಬಿ, ಆ ಭಯದಲ್ಲೂ ನನಗೆ ಒಂದಿಷ್ಟು ಹೆಮ್ಮೆಯಾಯಿತು. ದೊಡ್ಡಮ್ಮನ ಟಿಕೆಟ್ ಅವನೇ ತೆಗೆದುಕೊಟ್ಟದ್ದು, ನೋಡುವ ಅಗತ್ಯವಿರಲಿಲ್ಲ. ನಾನು ಮಡಿಕೆ ಬೀಳದಂತೆ ಪ್ಲಾಸ್ಟಿಕ್ ಕವರಿನಲ್ಲಿ ಕಾಪಾಡಿದ್ದ ಟಿಕೆಟನ್ನು ಗತ್ತಿನಿಂದ ಚಾಚಿದೆ.

ಅವನು ತಿರುಗಿಸಿ ನೋಡಿದ. ಹಿಂಬದಿ ಖಾಲಿ. ಅಂಗಡಿಯಲ್ಲಿ ಕೊಂಡ ಟಿಕೆಟನ್ನು ಹತ್ತಿದ ಕೂಡಲೇ ಬಾಗಿಲ ಬಳಿಯ ಹಸಿರು ಪೆಟ್ಟಿಗೆಗೆ ತೂರಿಸಿ ತಾರೀಖು ಒತ್ತಿಸಬೇಕಂತೆ. ಒತ್ತಿಸದಿದ್ದರೆ ಅದು ಇದ್ದೂ ಇಲ್ಲದ ಲೆಕ್ಕ. ಇದನ್ನು ಶಿವು ಹೇಳಿರಲಿಲ್ಲ. ಪಿಆರ್, ಪಿಆರ್ ಎಂದು ತಲೆಯೊಳಗೆ ಗಂಟೆ ಬಾರಿಸುತ್ತಿತ್ತು.

ದೊಡ್ಡಮ್ಮ ಅವನನ್ನು ನೋಡಿ ತಮ್ಮ ಕ್ಲಾಸ್‌ರೂಮಿನ ಇಂಗ್ಲಿಷಿನಲ್ಲಿ, "ಹೀ ಈಸ್ ಎ ವೆರಿ ಕೇರ್‌ಫುಲ್ ಬಾಯ್. ದಟ್ ಈಸ್ ದಿ ಪ್ರಾಬ್ಲಮ್" ಎಂದರು.

ಅವನು ನನ್ನನ್ನು ನೋಡಿದ, ದೊಡ್ಡಮ್ಮನನ್ನು ನೋಡಿದ. ಹೆಸರು ಬರೆದುಕೊಳ್ಳಲು ಪುಸ್ತಕ ತೆಗೆಯುತ್ತಾನೆ ಎಂದು ಕಾದೆ. ಅವನು ತೆಗೆಯಲಿಲ್ಲ. ನನ್ನ ಟಿಕೆಟನ್ನು ಹಚ್ಚೆಯವನ ಕೈಗಿಟ್ಟು, ಹಸಿರು ಪೆಟ್ಟಿಗೆಯ ಕಡೆ ಥೇಟ್ ದೊಡ್ಡಮ್ಮನ ಹಾಗೆ ಗಲ್ಲ ಎತ್ತಿ ತೋರಿಸಿದ. ಟಿಕೆಟ್ ಕೈಯಿಂದ ಕೈಗೆ ಹೋಯಿತು, ಕುಯ್ ಎಂದಿತು, ತಾರೀಖು ಹೊತ್ತು ವಾಪಸ್ಸು ಬಂತು. ನನಗೆ ಅಳು ಬಂದಂತಾಗಿ ಕಿಟಕಿಯಾಚೆ ನೋಡಿದೆ.

ಪಿಆರ್ ಬಂತು. ಆಮೇಲೆ ಸಿಟಿಜನ್‌ಶಿಪ್ಪೂ ಬಂತು. ಅನುಮಾನ ಮಾತ್ರ ಹಾಗೇ ಉಳಿಯಿತು.

ಇವತ್ತು ಜಾರ್ಜ್ ಸ್ಟ್ರೀಟಿನ ಸ್ಟಾಪಿನಲ್ಲಿ ಭಾರಿ ಗದ್ದಲ. ಗಂಟೆ ಕೇಳಿಸಿತು, ಕೈ ಜೇಬಿಗೆ ಹೋಯಿತು. ಕಾರ್ಡ್ ಮುಟ್ಟಿಸುವ ಕಂಬದ ಹತ್ತಿರ ಸುಳಿಯಲೂ ಆಗುತ್ತಿರಲಿಲ್ಲ. ಕಂಬಕ್ಕೆ ಆತುಕೊಂಡು, ಕಿವಿಗೆ ಇಯರ್‌ಫೋನ್ ಹಾಕಿಕೊಂಡ ತರುಣನೊಬ್ಬ ನಿಂತಿದ್ದ. ನನಗೇ ಆಶ್ಚರ್ಯವಾಗುವಂತೆ, ನನ್ನ ಕಾರ್ಡನ್ನು ಅವನ ಕೈಗೆ ಕೊಟ್ಟು ಕಂಬದ ಕಡೆ ಗಲ್ಲ ಎತ್ತಿದೆ. ಅವನು ಮುಟ್ಟಿಸಿ ಹಿಂದಿರುಗಿಸಿದ.

ಕಾರ್ಡ್ ವಾಪಸ್ಸು ಬರುವವರೆಗೆ ಅವನ ಮುಖವನ್ನು ಮಾತ್ರ ಚೆನ್ನಾಗಿ ನೋಡಿಟ್ಟುಕೊಂಡೆ. ದೊಡ್ಡಮ್ಮ ಆಗಿದ್ದರೆ ಅದನ್ನೂ ನೋಡುತ್ತಿರಲಿಲ್ಲ.